ರಂಗಮಂದಿರ, ಕಾಲೇಜು ಕಟ್ಟಡಗಳ ಆರ್ಕಿಟೆಕ್ಟ್ ಆಗಲು ದಾರಿ ಯಾವುದು?

ಪ್ರಶ್ನೆ: ನಾನು ಚಿಕ್ಕಮಗಳೂರಿನವಳು. ಬಿ.ಆರ್ಕ್ ಮುಗಿಸಿ ಬೆಂಗಳೂರಿನ ಒಂದು ಕಚೇರಿಯಲ್ಲಿ ಮೂರು ವರ್ಷ ದುಡಿದು ಈಗ ಊರಿಗೆ ಮರಳಿದ್ದೇನೆ. ಕೈಯಲ್ಲಿರುವುದೆಲ್ಲ ಮನೆ, ಹೋಮ್‌ಸ್ಟೇ, ಒಂದೆರಡು ರೆಸಾರ್ಟ್ ಕಾಟೇಜು. ಆದರೆ ನನಗೆ ಮಾಡಬೇಕೆನಿಸುವುದು ರಂಗಮಂದಿರ, ಗ್ರಂಥಾಲಯ, ಕಾಲೇಜು ಮತ್ತು ವಿಶ್ವವಿದ್ಯಾಲಯದ ಕಟ್ಟಡಗಳು. ಇಂಥ ಕೆಲಸ ಹೇಗೆ ಸಿಗುತ್ತದೆ, ಏನು ಕಲಿತಿರಬೇಕು, ಇದಕ್ಕಾಗಿ ಮತ್ತೆ ಬೆಂಗಳೂರಿಗೆ ಹೋಗಲೇಬೇಕೆ?

ಉತ್ತರ:

ಮನೆ ಕಟ್ಟಿಸುವವರು ಆರ್ಕಿಟೆಕ್ಟನ್ನು ಹುಡುಕಿಕೊಂಡು ಬರುತ್ತಾರೆ. ರಂಗಮಂದಿರ ಕಟ್ಟಿಸುವವರು ಹಾಗೆ ಬರುವುದಿಲ್ಲ. ಹಾಸನ, ಚಿಕ್ಕಮಗಳೂರಿನಂಥ ಜಿಲ್ಲೆಗಳಲ್ಲಿ ಸರ್ಕಾರಿ ಕಟ್ಟಡದ ನಕ್ಷೆ ಬಹುಪಾಲು ಲೋಕೋಪಯೋಗಿ ಇಲಾಖೆಯ ಮುಖ್ಯ ವಾಸ್ತುಶಿಲ್ಪಿಗಳ ಕಚೇರಿಯಿಂದ, ಜಿಲ್ಲಾ ನಿರ್ಮಿತಿ ಕೇಂದ್ರದಿಂದ ಇಲ್ಲವೇ ಸರ್ಕಾರದ್ದೇ ಆದ ಗ್ರಾಮೀಣ ಮೂಲಸೌಕರ್ಯ ನಿಗಮ ಕೆಆರ್‌ಐಡಿಎಲ್‌ನಿಂದ ಬರುತ್ತದೆ. ಕೊನೆಯ ಎರಡಕ್ಕೆ ಸರ್ಕಾರಿ ಖರೀದಿ, ಗುತ್ತಿಗೆಗಳ 1999ರ ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿಯಲ್ಲಿ ಟೆಂಡರ್ ಇಲ್ಲದೆಯೂ ಕೆಲಸ ಹೋಗುವುದುಂಟು. ಹೀಗಾಗಿ ನಿಮ್ಮ ಊರಲ್ಲೇ ಒಂದು ಕನ್ನಡ ಭವನವೋ ಸಮುದಾಯ ಭವನವೋ ಎದ್ದು ನಿಂತರೂ ಅದಕ್ಕೆ ಖಾಸಗಿ ಆರ್ಕಿಟೆಕ್ಟ್ ಇದ್ದರೇ ಇಲ್ಲವೇ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಖಾಸಗಿಯವರಿಗೆ ತೆರೆದಿರುವ ಬಾಗಿಲುಗಳೂ ಇವೆ. ಮೊದಲನೆಯದು, ವಿಶ್ವವಿದ್ಯಾಲಯಗಳು. ಅವುಗಳ ಎಂಜಿನಿಯರಿಂಗ್ ವಿಭಾಗಗಳು ಸಲಹೆಗಾರರನ್ನು ಟೆಂಡರ್ ಮೂಲಕ ಕರೆಯುತ್ತವೆ ಅಥವಾ ಪಟ್ಟಿ ಮಾಡಿಕೊಳ್ಳುತ್ತವೆ. ನಿಮ್ಮ ಸುತ್ತಲೇ ಎಷ್ಟು ಸಂಸ್ಥೆಗಳಿವೆ ನೋಡಿ: ಹಾಸನದ ಹೇಮಗಂಗೋತ್ರಿ (ಮೈಸೂರು ವಿ.ವಿ.ಯ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು ಹಾಸನ ವಿಶ್ವವಿದ್ಯಾಲಯವಾಯಿತು), ಕಾರೇಕೆರೆಯ ಕೃಷಿ ಕಾಲೇಜು, ಹಾಸನದ ಪಶುವೈದ್ಯಕೀಯ ಕಾಲೇಜು, ಮೂಡಿಗೆರೆಯ ತೋಟಗಾರಿಕೆ ಕಾಲೇಜು, ಚಿಕ್ಕಮಗಳೂರು ಜಿಲ್ಲೆಯ ಪದವಿ ಕಾಲೇಜುಗಳು ಸೇರುವ ಶಂಕರಘಟ್ಟದ ಕುವೆಂಪು ವಿ.ವಿ. ಎರಡನೆಯದು, ಮಠಗಳು ಮತ್ತು ಟ್ರಸ್ಟುಗಳ ವಿದ್ಯಾಸಂಸ್ಥೆಗಳು. ಇಲ್ಲಿ ಟೆಂಡರ್ ಇರುವುದಿಲ್ಲ, ಕಾರ್ಯದರ್ಶಿಗಳ ನಂಬಿಕೆ ಇರಬೇಕು ಅಷ್ಟೆ. ಈ ಜಿಲ್ಲೆಗಳಲ್ಲಿ ಹೊಸಬರಿಗೆ ನಿಜವಾಗಿ ಸಿಗುವುದು ಈ ಎರಡನೆಯದೇ.

ಮೊದಲ ಬಾಗಿಲಲ್ಲಿ ತಡೆಯುವುದು ಅರ್ಹತೆಯ ಷರತ್ತು. ಕೇಂದ್ರ ಜಾಗೃತ ಆಯೋಗದ ಮಾರ್ಗಸೂಚಿಯಿಂದ ಇಳಿದು ಬಂದ ಸೂತ್ರವನ್ನೇ ಅನೇಕ ಟೆಂಡರುಗಳು ಬಳಸುತ್ತವೆ. ಕಳೆದ 7 ವರ್ಷಗಳಲ್ಲಿ ಅಂದಾಜು ವೆಚ್ಚದ ಶೇ. 40ರಷ್ಟು ಮೌಲ್ಯದ ಮೂರು, ಅಥವಾ ಶೇ. 50ರ ಎರಡು, ಅಥವಾ ಶೇ. 80ರ ಒಂದು ‘ಸಮಾನ ಕೆಲಸ’ ಮುಗಿಸಿರಬೇಕು. ಜೊತೆಗೆ ಸರಾಸರಿ ವಾರ್ಷಿಕ ವಹಿವಾಟಿನ ಷರತ್ತು. 10 ಕೋಟಿಯ ಕಟ್ಟಡಕ್ಕೆ ಅರ್ಜಿ ಹಾಕಬೇಕಾದರೆ 4 ಕೋಟಿಯ ಮೂರು ಕಟ್ಟಡ ತೋರಿಸಬೇಕು. ಹೋಮ್‌ಸ್ಟೇ ಎಷ್ಟೇ ಚೆನ್ನಾಗಿದ್ದರೂ ಅದು ‘ಸಮಾನ’ ಅಲ್ಲ.

ಆದ್ದರಿಂದ ಮೊದಲ ಐದಾರು ವರ್ಷ ನೀವು ಗಳಿಸಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಪ್ರಮಾಣಪತ್ರಗಳನ್ನು. ಪಿಯು ಕಾಲೇಜಿನ 150 ಆಸನದ ಸೆಮಿನಾರ್ ಹಾಲು, ಟ್ರಸ್ಟೊಂದರ ಗ್ರಂಥಾಲಯ, ಹೈಸ್ಕೂಲಿನ ಬಯಲು ರಂಗಮಂದಿರ, ಯಾವುದೂ ಚಿಕ್ಕದಲ್ಲ. ಪ್ರತಿ ಕೆಲಸಕ್ಕೂ ಕಾರ್ಯಾದೇಶ, ಮುಗಿದ ಮೇಲೆ ಕಟ್ಟಡದ ವಿಸ್ತೀರ್ಣ, ವೆಚ್ಚ, ಆರಂಭ ಮತ್ತು ಮುಕ್ತಾಯದ ದಿನಾಂಕ ಬರೆದ ಪ್ರಮಾಣಪತ್ರ ಪಡೆಯಿರಿ. ಖಾಸಗಿ ಸಂಸ್ಥೆಯದಾದರೆ ಅದರ ಜೊತೆ ಟಿಡಿಎಸ್ ಪ್ರಮಾಣಪತ್ರವನ್ನೂ ಕೇಳುವ ಟೆಂಡರುಗಳಿವೆ. ಶುಲ್ಕವನ್ನು ನಗದಾಗಿ ಪಡೆದವರ ಹತ್ತು ವರ್ಷದ ಅನುಭವ ಇಲ್ಲಿ ಸೊನ್ನೆ. ದೊಡ್ಡ ಕಚೇರಿಯೊಂದಕ್ಕೆ ಸ್ಥಳೀಯ ಸಹ ಆರ್ಕಿಟೆಕ್ಟ್ ಆಗಿ ದುಡಿದರೂ ಒಪ್ಪಂದದಲ್ಲಿ ನಿಮ್ಮ ಹೆಸರು, ನಿಮ್ಮ ಪಾಲಿನ ಕೆಲಸ ಸ್ಪಷ್ಟವಾಗಿರಲಿ.

ಶುಲ್ಕದ ಲೆಕ್ಕ

ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ತನ್ನ ಶುಲ್ಕ ಪಟ್ಟಿಯಲ್ಲಿ ಇಂಥ ಕಟ್ಟಡಗಳ ಸಮಗ್ರ ಸೇವೆಗೆ ವೆಚ್ಚದ ಶೇ. 5ನ್ನು ಹೇಳುತ್ತದೆ. ಟೆಂಡರಿನಲ್ಲಿ ಅಷ್ಟು ಬರುವುದಿಲ್ಲ. ಶೇ. 3 ಸಿಕ್ಕಿತು ಎಂದಿಟ್ಟುಕೊಂಡು 10 ಕೋಟಿಯ ಕಟ್ಟಡಕ್ಕೆ ಲೆಕ್ಕ ಹಾಕಿ: 30 ಲಕ್ಷ. ಅದರಲ್ಲಿ ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್, ನೀರು-ಒಳಚರಂಡಿ, ಅಗ್ನಿಸುರಕ್ಷತೆ, ಅಕೌಸ್ಟಿಕ್ಸ್‌ನವರಿಗೆ 13 ಲಕ್ಷ ಹೋದರೆ ಉಳಿಯುವುದು 17 ಲಕ್ಷ. ವಿನ್ಯಾಸದಿಂದ ಉದ್ಘಾಟನೆವರೆಗೆ ಮೂರೂವರೆ ವರ್ಷ ಹಿಡಿದರೆ ತಿಂಗಳಿಗೆ ಸುಮಾರು 40 ಸಾವಿರ. ಅದರಲ್ಲಿ ನಿಮ್ಮ ಡ್ರಾಫ್ಟ್ಸ್‌ಮನ್ ಸಂಬಳ, ಸೈಟಿಗೆ ಓಡಾಟ, ಪ್ರಿಂಟು ಎಲ್ಲ. ಇದಲ್ಲದೆ ಪ್ರತಿ ಬಿಲ್ಲಿನಲ್ಲಿ ಶೇ. 10 ಟಿಡಿಎಸ್ ಮುರಿದುಕೊಂಡೇ ಕೊಡುತ್ತಾರೆ. ಶೇ. 18 ಜಿಎಸ್‌ಟಿ ಬೇರೆಯಾಗಿ ಸಿಗುತ್ತದೆಯೋ ನಿಮ್ಮ ದರದಲ್ಲೇ ಸೇರಿದೆಯೋ ಎಂಬುದನ್ನು ಟೆಂಡರ್ ಪುಸ್ತಕದಲ್ಲಿ ಮೊದಲು ನೋಡಿ. ಆ ಒಂದು ಸಾಲು ಓದದೆ ದರ ಬರೆದವರು ನಷ್ಟದಲ್ಲೇ ಕೆಲಸ ಶುರು ಮಾಡುತ್ತಾರೆ. ಹೋಮ್‌ಸ್ಟೇ ಕೆಲಸಗಳನ್ನು ಬಿಡಬೇಡಿ. ಇಂಥ ಕಟ್ಟಡ ಮಾಡುವ ಕಚೇರಿಯ ಬಾಡಿಗೆ ಕಟ್ಟುವುದು ಹೆಚ್ಚಾಗಿ ಅವೇ.

ಪಾವತಿಯ ಹಂತಗಳು ದರದಷ್ಟೇ ಮುಖ್ಯ. ಕೌನ್ಸಿಲ್‌ನ ಮಾದರಿಯಲ್ಲಿ ಪರಿಕಲ್ಪನೆಗೆ ಶೇ. 10, ಪ್ರಾಥಮಿಕ ವಿನ್ಯಾಸಕ್ಕೆ ಒಟ್ಟು 20, ಕಾರ್ಯನಕ್ಷೆ ಮತ್ತು ಟೆಂಡರ್ ದಾಖಲೆಗೆ ಬರುವಷ್ಟರಲ್ಲಿ ಒಟ್ಟು 45 ಕೈಸೇರಬೇಕು. ಅನೇಕ ಟೆಂಡರುಗಳಲ್ಲಿ ಮಾತ್ರ ಅರ್ಧಕ್ಕಿಂತ ಹೆಚ್ಚು ‘ಕಾಮಗಾರಿ ಪೂರ್ಣಗೊಂಡ ಮೇಲೆ’ ಎಂದಿರುತ್ತದೆ. ಅನುದಾನ ನಿಂತು ಕಟ್ಟಡ ಸ್ಲ್ಯಾಬ್ ಹಂತದಲ್ಲೇ ಉಳಿದರೆ ನಿಮ್ಮ ಹಣವೂ ಅಲ್ಲೇ ಉಳಿಯಿತು. ನಿಮ್ಮ ತಪ್ಪಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಕೆಲಸ ನಿಂತರೆ ಆವರೆಗಿನ ಹಂತದ ಶುಲ್ಕ ಕೊಡಬೇಕು ಎಂಬ ಷರತ್ತನ್ನು ದರ ಸಲ್ಲಿಸುವ ಮೊದಲಿನ ಪ್ರೀ-ಬಿಡ್ ಸಭೆಯಲ್ಲೇ ಲಿಖಿತವಾಗಿ ಕೇಳಿ. ಆಮೇಲೆ ಕೇಳಿದರೆ ಯಾರೂ ಓಗೊಡುವುದಿಲ್ಲ.

ರಂಗಮಂದಿರ: ಎಲ್ಲಿ ಎಡವುತ್ತಾರೆ

ಈ ಕ್ಷೇತ್ರದಲ್ಲಿ ಹೆಸರು ಉಳಿಯುವುದು ಮುಂಭಾಗದ ಚಂದದಿಂದಲ್ಲ, ಉದ್ಘಾಟನೆಯ ಮರುವರ್ಷ ಕಟ್ಟಡ ಹೇಗೆ ನಡೆಯುತ್ತದೆ ಎಂಬುದರಿಂದ. ಅದಕ್ಕೆ ಒಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರಬೇಕು. ಇಲ್ಲಿ ನಿಮ್ಮ ಊರೇ ನಿಮ್ಮ ಬಂಡವಾಳ. ಚಿಕ್ಕಮಗಳೂರಿನ ಕುವೆಂಪು ಕಲಾಮಂದಿರದಲ್ಲಿ, ಹಾಸನಾಂಬ ಕಲಾಕ್ಷೇತ್ರದಲ್ಲಿ ಬೇರೆ ಬೇರೆ ಬಗೆಯ ಕಾರ್ಯಕ್ರಮಗಳಿಗೆ ಹೋಗಿ ಕೂರಿ, ಒಮ್ಮೆ ಮುಂದಿನ ಸಾಲಿನಲ್ಲಿ, ಒಮ್ಮೆ ಕೊನೆಯ ಸಾಲಿನ ಮೂಲೆಯಲ್ಲಿ, ಒಮ್ಮೆ ಅನುಮತಿ ಪಡೆದು ವೇದಿಕೆಯ ಹಿಂದೆ. ಟೇಪು, ನೋಟ್‌ಬುಕ್ ಜೊತೆಗಿರಲಿ.

ಹಾಸನ ಸೀಮೆಯ ಪೌರಾಣಿಕ ನಾಟಕ ರಾತ್ರಿಯಿಡೀ ನಡೆಯುತ್ತದೆ. ಬಾಡಿಗೆಗೆ ಬರುವ ಸೀನರಿಯವರು ಅರಮನೆ, ಕಾಡು, ಬೀದಿಯ ಪರದೆಗಳನ್ನು ಒಂದರ ಹಿಂದೊಂದು ಕಟ್ಟುತ್ತಾರೆ. ಅದಕ್ಕೆ ವೇದಿಕೆಯ ಮೇಲೆ ಅಡ್ಡಲಾಗಿ, ಸುಮಾರು ಒಂದೊಂದು ಮೀಟರಿಗೆ, ಭಾರ ಹೊರುವ ಪೈಪುಗಳು ಬೇಕು. ಎಸ್ಟಿಮೇಟಿನಲ್ಲಿ ಇವು ಇರುವುದೇ ಇಲ್ಲ. ಇಲ್ಲದಿದ್ದಾಗ ಬೊಂಬು ನಿಲ್ಲಿಸಿ ಕಿಟಕಿಯ ಸರಳಿಗೆ ಹಗ್ಗ ಬಿಗಿಯುತ್ತಾರೆ, ಫಾಲ್ಸ್ ಸೀಲಿಂಗಿಗೆ ತೂತು ಬೀಳುತ್ತದೆ. ಹಾರ್ಮೋನಿಯಂ ಮೇಷ್ಟ್ರು, ತಬಲದವರು ವೇದಿಕೆಯ ಮುಂದೆ ಒಂದು ಮಗ್ಗುಲಲ್ಲಿ ಕೂರಲು ಮೊದಲ ಸಾಲಿಗೂ ವೇದಿಕೆಗೂ ನಡುವೆ ಕನಿಷ್ಠ ಎರಡು ಮೀಟರ್ ಜಾಗ, ಅಲ್ಲೇ ಮೈಕು ಮತ್ತು ದೀಪಕ್ಕೆ ಪ್ಲಗ್ ಪಾಯಿಂಟು ಬೇಕು. ಯಕ್ಷಗಾನ ಮೇಳ ಬಂದರೆ ಕನ್ನಡಿ-ಕುರ್ಚಿಯ ಸಣ್ಣ ಗ್ರೀನ್ ರೂಮುಗಳು ಕೆಲಸಕ್ಕೆ ಬರುವುದಿಲ್ಲ. ಚೌಕಿಗೆ (ವೇಷ ಕಟ್ಟುವ ಜಾಗಕ್ಕೆ) ಇಪ್ಪತ್ತು ಜನ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿಕೊಂಡು ಕೂರುವ ಒಂದೇ ದೊಡ್ಡ ಕೋಣೆ ಬೇಕು, ವೇದಿಕೆಯ ಮಟ್ಟದಲ್ಲೇ, ನೀರು ಮತ್ತು ಶೌಚಾಲಯ ಪಕ್ಕದಲ್ಲೇ. ಕಿರೀಟ ಕಟ್ಟಿಕೊಂಡವರು ಮೆಟ್ಟಿಲು ಹತ್ತಿ ಇಳಿಯುವಂತಿರಬಾರದು, ಬಾಗಿಲಿನ ಎತ್ತರ 2.4 ಮೀಟರಾದರೂ ಇರಲಿ.

ವೇದಿಕೆಗೆ 10ರಿಂದ 12 ಮೀಟರ್ ತೆರೆದ ಅಗಲ, 8ರಿಂದ 9 ಮೀಟರ್ ಆಳ, ಎರಡೂ ಪಕ್ಕದಲ್ಲಿ ತಲಾ 4 ಮೀಟರಿಗೆ ಕಡಿಮೆಯಿಲ್ಲದ ವಿಂಗ್ಸ್ ಇಟ್ಟುಕೊಳ್ಳಿ. ಹಣ ಕಡಿಮೆಯಾದಾಗ ಮೊದಲು ಕತ್ತರಿಸುವುದು ವಿಂಗ್ಸನ್ನೇ, ಏಕೆಂದರೆ ಅದು ಸಭಿಕರಿಗೆ ಕಾಣುವುದಿಲ್ಲ. ಅದಕ್ಕೆ ಬದಲು ಪೋರ್ಟಿಕೊ ಬಿಡಿ ಎಂದು ಹೇಳುವ ಧೈರ್ಯ ಆರ್ಕಿಟೆಕ್ಟಿಗೆ ಇರಬೇಕು. ವೇದಿಕೆಯ ನೆಲಕ್ಕೆ ಗ್ರಾನೈಟು, ವಿಟ್ರಿಫೈಡ್ ಟೈಲ್ಸ್ ಬೇಡ. ಕುಣಿಯುವವರ ಮಂಡಿ, ಹಿಮ್ಮಡಿ ಎರಡೂ ಹಾಳು. ಮರದ ದಬ್ಬೆಗಳ ಮೇಲೆ ಎರಡು ಪದರ ಪ್ಲೈವುಡ್, ಅದರಡಿ ಗಾಳಿಯಾಡಲು ಜಾಗ, ಗೆದ್ದಲಿನ ಔಷಧ. ಮಲೆನಾಡಿನ ಶೀತದಲ್ಲಿ ಗಾಳಿಯಾಡದ ಮರದ ನೆಲ ಕೆಲವೇ ಮಳೆಗಾಲಗಳಲ್ಲಿ ಉಬ್ಬುತ್ತದೆ. ಸಾಮಾನಿಗೆ ವೇದಿಕೆಯ ಹಿಂದೆ ಲಾರಿ ನಿಲ್ಲುವಂತೆ 2.4 ಮೀಟರ್ ಅಗಲ, 3 ಮೀಟರ್ ಎತ್ತರದ ಬಾಗಿಲು.

ಕಾಣುವುದರ ಲೆಕ್ಕ: ಹಿಂದೆ ಕೂತವರ ನೋಟದ ಗೆರೆ ಮುಂದಿನವರ ಕಣ್ಣಿನ ಮಟ್ಟಕ್ಕಿಂತ 120 ಮಿಲಿಮೀಟರ್ ಮೇಲೆ ಹಾದು ಹೋದರೆ ಉತ್ತಮ, ಆಸನಗಳನ್ನು ಒಂದು ಬಿಟ್ಟು ಒಂದರಂತೆ ಪಕ್ಕಕ್ಕೆ ಸರಿಸಿದ್ದರೆ 60 ಸಾಕು. ಮುಖಭಾವ ಕಾಣಬೇಕಾದರೆ ಕೊನೆಯ ಸಾಲು ವೇದಿಕೆಯಿಂದ 20 ಮೀಟರಿನೊಳಗೆ ಇರಬೇಕು. ಇದನ್ನು ಮೀರಿ ‘ಸಾವಿರ ಜನ ಹಿಡಿಯಲಿ’ ಎಂದು ಉದ್ದ ಎಳೆದ ಹಾಲುಗಳಲ್ಲಿ ನಾಟಕದವರು ಕೂಗುವುದೇ ಅಭಿನಯವಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೂ ರಂಗಮಂದಿರ ಸಾವಿರ ಆಸನ ದಾಟಿದರೆ ಬೇರೆ ವರ್ಗಕ್ಕೆ ಸೇರುತ್ತದೆ. ಜಿಲ್ಲಾ ಕೇಂದ್ರಕ್ಕೆ 500ರಿಂದ 600 ಆಸನ ಸಾಕು, ಅದು ತುಂಬಿದರೂ ಸಂತೋಷ.

ಇನ್ನು ಧ್ವನಿ. 600 ಆಸನಕ್ಕೆ ತಲಾ 5 ಘನಮೀಟರಿನಂತೆ 3,000 ಘನಮೀಟರ್ ಒಳಾವರಣ. ಸೇಬಿನ್ ಸೂತ್ರದಂತೆ ಅನುರಣನದ ಸಮಯ (ಸದ್ದು ಒಳಗೇ ಮೊಳಗಿ ಅಡಗಲು ಹಿಡಿಯುವ ಸಮಯ) ಎಂದರೆ 0.161ನ್ನು ಗಾತ್ರದಿಂದ ಗುಣಿಸಿ, ಒಟ್ಟು ಹೀರಿಕೆಯಿಂದ (ಗೋಡೆ, ಕುರ್ಚಿ, ಜನ ಸದ್ದನ್ನು ಹೀರುವ ಪ್ರಮಾಣದಿಂದ) ಭಾಗಿಸಿದ್ದು. ಮಾತು, ನಾಟಕಕ್ಕೆ ಬೇಕಾದ 1 ಸೆಕೆಂಡ್ ಸಿಗಲು 483 ಚದರ ಮೀಟರಿನಷ್ಟು ಹೀರಿಕೆ ಬೇಕು. ತುಂಬಿದ ಸಭೆ ತಲಾ ಅರ್ಧದಂತೆ 300 ಕೊಡುತ್ತದೆ. ಉಳಿದ 180ನ್ನು ಹಿಂಗೋಡೆ, ಪಕ್ಕದ ಗೋಡೆಯ ಹಿಂಭಾಗ, ಪರದೆಗಳು ಕೊಡಬೇಕು. ಈಗ ಹಣ ಉಳಿಸಲು ಬಟ್ಟೆ ಹೊದಿಕೆಯ ಕುರ್ಚಿ ಬಿಟ್ಟು ಫೈಬರ್ ಕುರ್ಚಿ ಹಾಕಿದರೆಂದುಕೊಳ್ಳಿ. ಸಭೆ ತುಂಬಿದ ದಿನ ಅಷ್ಟೇನೂ ಗೊತ್ತಾಗದು. ಖಾಲಿ ಇದ್ದಾಗ ಒಟ್ಟು ಹೀರಿಕೆ 200ರ ಕೆಳಗಿಳಿದು ಅನುರಣನ ಎರಡೂವರೆ ಸೆಕೆಂಡಿಗೆ ಹೋಗುತ್ತದೆ. ನೂರು ಜನ ಬರುವ ಪುಸ್ತಕ ಬಿಡುಗಡೆಯಲ್ಲಿ ಭಾಷಣಕಾರರ ಒಂದು ಪದವೂ ತಿಳಿಯದಿರಲು ಇದೇ ಕಾರಣ. ಆಮೇಲೆ ಮೈಕಿನವರನ್ನು ಬಯ್ಯುವುದು. ಹೊದಿಕೆಯ ಕುರ್ಚಿ ಖಾಲಿಯಿದ್ದರೂ ಕೂತ ಮನುಷ್ಯನಷ್ಟೇ ಸುಮಾರಾಗಿ ಹೀರುತ್ತದೆ, ಹಾಗಾಗಿ ಕುರ್ಚಿಯನ್ನು ಪೀಠೋಪಕರಣದ ಎಸ್ಟಿಮೇಟಿಗೆ ಬಿಡದೆ ಅಕೌಸ್ಟಿಕ್ಸ್‌ನ ಭಾಗವಾಗಿ ನಮೂದಿಸಿ.

ಮಳೆಯ ಸದ್ದನ್ನು ಮರೆತ ಹಾಲು ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಉಪಯೋಗಕ್ಕಿಲ್ಲ. ಬರಿಯ ತಗಡಿನ ಮಾಡಿನ ಕೆಳಗೆ ಜೋರು ಮಳೆಯ ಸದ್ದು ಮಾತನ್ನು ಮುಳುಗಿಸುತ್ತದೆ. ಒಂದೋ 150 ಮಿಲಿಮೀಟರ್ ಆರ್‌ಸಿಸಿ ಸ್ಲ್ಯಾಬ್ ಹಾಕಿ ಅದರ ಮೇಲೆ ಮಾಡು ಏರಿಸಿ, ಇಲ್ಲವೇ ತಗಡು, 75 ಮಿಲಿಮೀಟರ್ ರಾಕ್‌ವೂಲ್, ಕೆಳಗೆ ಭಾರವಾದ ಬೋರ್ಡಿನ ಎರಡು ಪದರ ಹಾಕಿ. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯಲ್ಲಿ ಮೊದಲನೆಯದೇ ಸರಿ. ಅರಸೀಕೆರೆ, ಕಡೂರಿನ ಬಯಲಲ್ಲಿ ಎರಡನೆಯದು ಸಾಕು.

ಎ.ಸಿ. ಬಗ್ಗೆ ಒಂದು ಮಾತು. ಹಾಸನ ಸಮುದ್ರಮಟ್ಟದಿಂದ ಸುಮಾರು 970 ಮೀಟರ್, ಚಿಕ್ಕಮಗಳೂರು ಅದಕ್ಕಿಂತ ಎತ್ತರ. ಸಂಜೆಯ ಕಾರ್ಯಕ್ರಮಗಳಿಗೆ ವರ್ಷದ ಬಹುಪಾಲು ಒಳ್ಳೆಯ ಗಾಳಿಯೇ ಸಾಕು. ತಲೆಗೆ ಸೆಕೆಂಡಿಗೆ 8 ಲೀಟರಿನಂತೆ 600 ಜನಕ್ಕೆ 4.8 ಘನಮೀಟರ್. ಗಾಳಿ ನಿಧಾನವಾಗಿ, ಸದ್ದಿಲ್ಲದೆ ಬರಲು ಸುಮಾರು 3.2 ಚದರ ಮೀಟರ್ ಒಳಹರಿವು ಆಸನಗಳ ಕೆಳಗೆ, ಹೊರಹರಿವು ಮಾಡಿನಲ್ಲಿ. ಎ.ಸಿ. ಹಾಕಿ ಕರೆಂಟ್ ಬಿಲ್ಲು ಕಟ್ಟಲಾಗದೆ ಬಾಗಿಲು ತೆರೆದಿಟ್ಟು ನಡೆಸುವ ಹಾಲುಗಳಿಗೆ ಕೊರತೆಯಿಲ್ಲ. ಬಾಗಿಲು ತೆರೆದ ಕೂಡಲೇ ಬಸ್ಸಿನ ಹಾರನ್ ಒಳಗೆ.

ಕಾಲೇಜು, ವಿಶ್ವವಿದ್ಯಾಲಯ

ಇಲ್ಲಿ ಅಳತೆಗಳು ಮೊದಲೇ ನಿಗದಿಯಾಗಿರುತ್ತವೆ. ತಾಂತ್ರಿಕ ಕಾಲೇಜುಗಳನ್ನು ನಿಯಂತ್ರಿಸುವ ಎಐಸಿಟಿಇ ಲೆಕ್ಕದಲ್ಲಿ 60 ವಿದ್ಯಾರ್ಥಿಗಳ ತರಗತಿ 66 ಚದರ ಮೀಟರ್, ಟ್ಯುಟೋರಿಯಲ್ 33, ಡ್ರಾಯಿಂಗ್ ಹಾಲು 132. ನಿಮ್ಮ ಜಾಣ್ಮೆ ಇರುವುದು ಇವುಗಳ ನಡುವಿನ ಜಾಗದಲ್ಲಿ. ಬಿ.ವಿ. ದೋಶಿ ವಿನ್ಯಾಸದ ಬೆಂಗಳೂರಿನ ಐಐಎಂ ನೋಡಿ ಬನ್ನಿ. ತರಗತಿಗಳಿಗಿಂತ ಕಲ್ಲುಗೋಡೆಯ ಓಣಿಗಳು, ಅಂಗಳಗಳು, ಬಳ್ಳಿ ಹಬ್ಬಿದ ಚಪ್ಪರದಂಥ ಮಾಡುಗಳು ಹೇಗೆ ದುಡಿಯುತ್ತಿವೆ ಎಂಬುದನ್ನು ಗಮನಿಸಿ. ಮಲೆನಾಡಿಗೆ ಹಾಗೇ ತರಲಾಗದು, ತೆರೆದ ಓಣಿ ಇಲ್ಲಿ ನಾಲ್ಕು ತಿಂಗಳು ಒದ್ದೆ. ಗಾಳಿ-ಮಳೆ ಹೊಡೆಯುವ ಪಶ್ಚಿಮ, ನೈರುತ್ಯ ದಿಕ್ಕಿಗೆ 2.4 ಮೀಟರ್ ಅಗಲದ ಜಗಲಿ ಇಟ್ಟು ತರಗತಿಗಳನ್ನು ಅದರ ಮರೆಗೆ ತಂದರೆ ಜಗಲಿಯೇ ಕೊಡೆಯಾಗುತ್ತದೆ.

ಹೊರೆಯ ವಿಷಯದಲ್ಲಿ ಪದೇ ಪದೇ ನಡೆಯುವ ಒಂದು ಎಡವಟ್ಟು ಇದೆ. ಕಟ್ಟಡದ ಹೊರೆಗಳ ಭಾರತೀಯ ಮಾನಕ ಐಎಸ್ 875ರಂತೆ ತರಗತಿಯ ನೆಲವನ್ನು ಚದರ ಮೀಟರಿಗೆ 3 ಕಿಲೋನ್ಯೂಟನ್‌ಗೆ ಲೆಕ್ಕ ಹಾಕುತ್ತಾರೆ. ಪುಸ್ತಕದ ಕಪಾಟುಗಳ ಕೋಣೆಗೆ 2.2 ಮೀಟರ್ ಎತ್ತರದವರೆಗೆ 6, ಅದರಾಚೆ ಪ್ರತಿ ಮೀಟರಿಗೆ ಇನ್ನೂ 2. ಕಾಲೇಜು ಬೆಳೆದ ಮೇಲೆ ಮೊದಲ ಮಹಡಿಯ ಎರಡು ತರಗತಿ ಒಡೆದು ಗ್ರಂಥಾಲಯ ಮಾಡುತ್ತಾರೆ, ಸ್ಲ್ಯಾಬಿನ ಮೇಲೆ ಇಮ್ಮಡಿ ಭಾರ ಬೀಳುತ್ತದೆ. ಉತ್ತರಪತ್ರಿಕೆಗಳ ಸ್ಟ್ರಾಂಗ್ ರೂಮಿನದೂ ಇದೇ ಕಥೆ. ಕಾಲೇಜಿಗೂ ವಿಶ್ವವಿದ್ಯಾಲಯಕ್ಕೂ ಇರುವ ದೊಡ್ಡ ವ್ಯತ್ಯಾಸವೇ ಪರೀಕ್ಷಾಂಗ: ಮೌಲ್ಯಮಾಪನ ಹಾಲು, ವರ್ಷಗಟ್ಟಲೆ ಪತ್ರಿಕೆ ಇಡುವ ಕೋಣೆ, ಗುಟ್ಟು ಕಾಯುವ ದಾರಿಗಳು. ಸಂಸ್ಥೆಯವರು ಇದನ್ನು ಮೊದಲ ಸಭೆಯಲ್ಲಿ ಹೇಳುವುದಿಲ್ಲ, ನೀವೇ ಕೇಳಬೇಕು. ನೆಲಮಹಡಿಯ ಮೇಲಿನ ಒಂದು ಪಾರ್ಶ್ವವನ್ನಾದರೂ 6ಕ್ಕೆ ಲೆಕ್ಕ ಹಾಕಿಸಿಟ್ಟರೆ ಮುಂದೆ ತಾಪತ್ರಯವಿಲ್ಲ. ಕಪಾಟುಗಳನ್ನು ಹೊರಗೋಡೆಗೆ ತಾಗಿಸಬೇಡಿ, ಮಳೆಗಾಲದಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುವುದು ಅಲ್ಲಿಂದಲೇ.

ಅನುದಾನ ಕಂತಿನಲ್ಲಿ ಬರುತ್ತದೆ ಎಂಬುದನ್ನು ನಕ್ಷೆಯೇ ಒಪ್ಪಿಕೊಂಡಿರಬೇಕು. ಮೊದಲ ಕಂತಿನಲ್ಲಿ ಕಟ್ಟಿದ ಭಾಗಕ್ಕೆ ಅದರದೇ ಮೆಟ್ಟಿಲು, ಶೌಚಾಲಯ, 1:12 ಇಳಿಜಾರಿನ ರ‍್ಯಾಂಪು ಇದ್ದು, ಎರಡನೆಯ ಕಂತು ಬಾರದಿದ್ದರೂ ಅದು ಪೂರ್ಣ ಕಟ್ಟಡವಾಗಿ ನಡೆಯುವಂತಿರಲಿ. ಮುಂದಿನ ಮಹಡಿಗೆಂದು ಕಂಬಗಳಿಂದ ಮೇಲೆ ಬಿಟ್ಟ ಕಂಬಿಗಳು ಎಂಟು-ಹತ್ತು ಮಳೆಗಾಲ ನೆನೆದು ತುಕ್ಕು ಹಿಡಿದಿರುವುದನ್ನು ಎಲ್ಲ ಊರಲ್ಲೂ ಕಾಣಬಹುದು. ಸಿಮೆಂಟ್ ಹಾಲು ಬಳಿದು, ಒಡೆಯಲು ಸುಲಭವಾದ ಬಡ ಕಾಂಕ್ರೀಟಿನಲ್ಲಿ ಮುಚ್ಚಿಡಬೇಕು, ಅದನ್ನು ಬಿಒಕ್ಯೂನಲ್ಲಿ (ಕೆಲಸಗಳ ಪ್ರಮಾಣ ಪಟ್ಟಿಯಲ್ಲಿ) ಒಂದು ಐಟಂ ಆಗಿ ಬರೆಯಬೇಕು. ಬರೆಯದ ಕೆಲಸವನ್ನು ಗುತ್ತಿಗೆದಾರರು ಮಾಡುವುದಿಲ್ಲ, ಅದರಲ್ಲಿ ಅವರ ತಪ್ಪೂ ಇಲ್ಲ.

ಹೊಯ್ಸಳರ ನೆರಳಿನಲ್ಲಿ

ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಮೇಲೆ ಮಾಹಿತಿ ಕೇಂದ್ರ, ವಸ್ತುಸಂಗ್ರಹಾಲಯ, ಪ್ರವಾಸಿ ಸೌಲಭ್ಯಗಳ ಮಾತು ಹೆಚ್ಚಾಗಿದೆ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಯಂತ್ರಿತ ಭಾಗದಲ್ಲಿ ಕಟ್ಟಲು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ನಿರಾಕ್ಷೇಪಣೆ ಬೇಕು, ವಿನ್ಯಾಸ ಶುರುವಾಗುವ ಮೊದಲೇ ಗಡಿಯ ಸರ್ವೆ ಮಾಡಿಸಿ. ಇಂಥ ಕೆಲಸದಲ್ಲಿ ಸಿಮೆಂಟಿನ ಮದನಿಕೆ, ಜಿಆರ್‌ಸಿ (ಗಾಜಿನ ನಾರು ಸೇರಿಸಿದ ಕಾಂಕ್ರೀಟು) ನಕ್ಷತ್ರಗೋಪುರದ ಒತ್ತಾಯ ಬಂದೇ ಬರುತ್ತದೆ. ಅದಕ್ಕೆ ಒಪ್ಪದೆ ಇರಲು ಒಳ್ಳೆಯ ಪರ್ಯಾಯ ಕೈಯಲ್ಲಿರಬೇಕು: ಜಗತಿಯಂತೆ ಕಟ್ಟಡದ ಸುತ್ತ ನಡೆಯಲು ಬರುವ ಎತ್ತರದ ಕಟ್ಟೆ, ಬಿಸಿಲಿನಿಂದ ಮೆಲ್ಲನೆ ಕತ್ತಲಿಗೆ ಕರೆದೊಯ್ಯುವ ಒಳಾಂಗಣ, ಸ್ಥಳೀಯ ಸೈಜು ಕಲ್ಲು.

ವಿನ್ಯಾಸ ಸ್ಪರ್ಧೆಗಳನ್ನು ನಂಬಿ ಕೂರಬೇಡಿ. ಗೆದ್ದರೂ ಕಟ್ಟುವ ಖಾತರಿಯಿಲ್ಲ. ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರಕ್ಕೆ 1986ರಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯನ್ನು ರಾಲ್ಫ್ ಲರ್ನರ್ ಗೆದ್ದರು, ಯೋಜನೆಯ ಒಂದು ಭಾಗ ಮಾತ್ರ ಮೇಲೆದ್ದಿತು. ಕಟ್ಟಿದ್ದೂ ಉಳಿಯುವ ಖಾತರಿಯಿಲ್ಲ: ಲೂಯಿ ಕಾನ್ ವಿನ್ಯಾಸದ ಅಹಮದಾಬಾದ್ ಐಐಎಂನ 18 ವಿದ್ಯಾರ್ಥಿನಿಲಯಗಳಲ್ಲಿ 14ನ್ನು ಕೆಡವುವ ಪ್ರಸ್ತಾಪ 2020ರ ಡಿಸೆಂಬರಿನಲ್ಲಿ ಬಂದಾಗ ಆಡಳಿತ ಮುಂದಿಟ್ಟ ಕಾರಣಗಳಲ್ಲಿ ಸೋರಿಕೆ, ಶಿಥಿಲವಾದ ಇಟ್ಟಿಗೆ ಕೆಲಸ ಇದ್ದವು. ಆದ್ದರಿಂದ ಹಸ್ತಾಂತರದ ದಿನ ನಿರ್ವಹಣೆಯ ಪುಸ್ತಕವೊಂದನ್ನು ಕನ್ನಡದಲ್ಲೇ ಬರೆದು ಕೊಡಿ: ಮಾಡಿನ ನೀರು ಹರಿಯುವ ಯಾವ ದೋಣಿಯನ್ನು ಮೇ ತಿಂಗಳಲ್ಲಿ ಸ್ವಚ್ಛ ಮಾಡಬೇಕು, ಯಾವ ಪೈಪಿನ ಕವಾಟ ಎಲ್ಲಿದೆ, ನೀರುನಿರೋಧಕ ಲೇಪ ಯಾವಾಗ ಹೊಸದಾಗಬೇಕು.

ಬೆಂಗಳೂರಿಗೆ ಹೋಗಬೇಕೆ?

ವಿನ್ಯಾಸ ಕಲಿಯಲು ಬೇಡ, ದಾಖಲೆ ಕಲಿಯಲು ಬೇಕಾದೀತು. ಸಂಸ್ಥೆಗಳ ಕಟ್ಟಡವನ್ನೇ ಮಾಡುವ, ಹದಿನೈದಿಪ್ಪತ್ತು ಜನರ ಕಚೇರಿಯೊಂದರಲ್ಲಿ ಒಂದೇ ಕಟ್ಟಡವನ್ನು ಟೆಂಡರಿನಿಂದ ಹಸ್ತಾಂತರದವರೆಗೆ ನೋಡಲು ಸಿಕ್ಕರೆ ಎರಡು-ಮೂರು ವರ್ಷ ಕೊಡುವುದು ಲಾಭ. ಸಂದರ್ಶನದಲ್ಲೇ ಕೇಳಿ: ಬಿಒಕ್ಯೂ ಬರೆಯಲು ಬಿಡುತ್ತೀರಾ, ಸೈಟ್ ಸಭೆಗೆ ಕಳಿಸುತ್ತೀರಾ, ಸ್ಟ್ರಕ್ಚರ್ ಮತ್ತು ವಿದ್ಯುತ್ ನಕ್ಷೆಗಳ ಹೊಂದಾಣಿಕೆ ಯಾರು ಮಾಡುತ್ತಾರೆ? ಮೂರಕ್ಕೂ ‘ಸೀನಿಯರ್ಸ್ ನೋಡಿಕೊಳ್ಳುತ್ತಾರೆ’ ಎಂಬ ಉತ್ತರ ಬಂದು, ನಿಮ್ಮ ಪಾಲಿಗೆ ತ್ರೀಡಿ ಚಿತ್ರಗಳಷ್ಟೇ ಉಳಿಯುವುದಾದರೆ ಚಿಕ್ಕಮಗಳೂರಿನಲ್ಲೇ ಇದ್ದು ಆ ಪಿಯು ಕಾಲೇಜಿನ ಸೆಮಿನಾರ್ ಹಾಲು ಹಿಡಿಯಿರಿ. ಅದರ ಬಿಒಕ್ಯೂ ಅನ್ನು ಲೋಕೋಪಯೋಗಿ ಇಲಾಖೆಯ ಎಸ್‌ಆರ್ (ದರಪಟ್ಟಿ) ಪುಸ್ತಕ ಮುಂದಿಟ್ಟುಕೊಂಡು ನೀವೇ ಬರೆಯಿರಿ, ನಿವೃತ್ತ ಎಇಇ (ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್) ಒಬ್ಬರಿಗೆ ಶುಲ್ಕ ಕೊಟ್ಟು ತಿದ್ದಿಸಿಕೊಳ್ಳಿ.